ಮಗಳಿಗೊಂದು ಪತ್ರ: ಹಡಗು ಖಾಲಿಯಾದ ದಿನ

ಗದಗ ರಸ್ತೆ, ಹುಬ್ಬಳ್ಳಿ

ಚಿ. ಸೌ. ಮಗಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ನಾವಿಬ್ಬರೂ ನಿನ್ನೆ ದಾದರ್ ಗಾಡಿಯಿಂದ ಕ್ಷೇಮವಾಗಿ ಊರು ಮುಟ್ಟಿದೆವು. ಫೋನಿನಲ್ಲಿ ನೀನು ಮೂರು ಸಲ ತಪ್ಪಾಯಿತು ಎಂದೆ. ಗೋವಾಕ್ಕೆ ಹೋಗಿಬರುವ ಮೂರು ರಾತ್ರಿಯದೊಂದು, ಕೊಚ್ಚಿ ಮತ್ತು ಲಕ್ಷದ್ವೀಪದ ಐದು ರಾತ್ರಿಯದೊಂದು ಎಂದು ಒಂದೇ ಹಡಗಿಗೆ ಎರಡು ಬೇರೆ ಬೇರೆ ಟಿಕೆಟ್ ತೆಗೆಸಿದ್ದರಿಂದ, ನಡುವಿನ ಒಂದು ದಿನ ನಾವು ಮುಂಬಯಿ ಬಂದರಿನಲ್ಲಿ ಪರದಾಡಬೇಕಾಯಿತು ಎಂಬುದು ನಿನ್ನ ಸಂಕಟ. ನಿಮ್ಮವ್ವ ಪಕ್ಕದಲ್ಲಿಯೇ ಕುಳಿತಿದ್ದರಿಂದ ನಾನು ಹೂಂ, ಹಾಂ ಎಂದಷ್ಟೇ ಹೇಳಿ ಇಟ್ಟೆ. ನಿಜ ಹೇಳುವುದಾದರೆ ಆ ಇಡೀ ಪ್ರವಾಸದಲ್ಲಿ ಮತ್ತೊಮ್ಮೆ ನೋಡಬೇಕೆಂದು ನನಗೆ ಅನಿಸುವುದು ಆ ಒಂದು ದಿನವನ್ನೇ.

ಒಂದು ಯಾನ ಮುಗಿಸಿ ಬೆಳಿಗ್ಗೆ ಬಂದ ಹಡಗು ಅದೇ ಸಂಜೆ ಹೊಸ ಪ್ರಯಾಣಿಕರೊಂದಿಗೆ ಹೊರಡುವುದಕ್ಕೆ ಹಡಗಿನವರು ಟರ್ನ್‌ಅರೌಂಡ್ ಎನ್ನುತ್ತಾರೆ. ಮೂವತ್ತಾರು ವರ್ಷ ರೇಲ್ವೆಯ ಕೋಚಿಂಗ್ ಡಿಪೋದ ಪಿಟ್ ಲೈನಿನಲ್ಲಿ ಗಾಡಿಯ ಬೋಗಿಗಳ ಹೊಟ್ಟೆಯ ಕೆಳಗೆ ನಿಂತು ಕೆಲಸ ಮಾಡಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದೂರದಿಂದ ಬಂದ ಗಾಡಿಯನ್ನು ಆರು ತಾಸಿನಲ್ಲಿ ತೊಳೆದು, ಬ್ರೇಕು ಪರೀಕ್ಷಿಸಿ, ನೀರು ತುಂಬಿ, ಹಾಸಿಗೆ ಬದಲಿಸಿ ಮತ್ತೆ ಪ್ಲಾಟ್‌ಫಾರ್ಮಿಗೆ ಹಚ್ಚುವುದೇ ನಮ್ಮ ಹೊಟ್ಟೆಪಾಡಾಗಿತ್ತಲ್ಲ. ಆದರೆ ಸುಮಾರು 270 ಮೀಟರ್ ಉದ್ದದ, ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಊರನ್ನೇ ಹಾಗೆ ತೊಳೆದು ಹಚ್ಚುವುದನ್ನು ನಾನು ಕಂಡದ್ದು ಇದೇ ಮೊದಲು. (ನಮ್ಮ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮಿಗೆ ಅಂಥ ಐದು ಹಡಗುಗಳನ್ನು ಸಾಲಾಗಿ ಹಚ್ಚಬಹುದು ಎಂದು ಲೆಕ್ಕ ಹಾಕಿ ನಿಮ್ಮವ್ವನಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.)

ಹಿಂದಿನ ರಾತ್ರಿ ಇಳಿಯುವವರಿಗೆಲ್ಲ ಬಣ್ಣದ ಚೀಟಿಗಳನ್ನು ಹಂಚಿದ್ದರು. ಸಾಮಾನಿಗೆ ಚೀಟಿ ಕಟ್ಟಿ ಮಧ್ಯರಾತ್ರಿಯೊಳಗೆ ಕ್ಯಾಬಿನ್ನಿನ ಬಾಗಿಲ ಹೊರಗೆ ಇಟ್ಟುಬಿಟ್ಟರೆ, ಮರುದಿನ ಅದು ಬಂದರಿನ ಹಾಲಿನಲ್ಲಿ ಆಯಾ ಬಣ್ಣದ ಸಾಲಿನಲ್ಲಿ ನಿಂತಿರುತ್ತದೆ. ನಮ್ಮಂತೆ ಮುಂದಿನ ಯಾನಕ್ಕೂ ಉಳಿಯುವವರಿಗೆ ಚೀಟಿ ಬೇಕಿರಲಿಲ್ಲ, ಆದರೂ ಕಣ್ತಪ್ಪಿನಿಂದ ನಮಗೂ ಒಂದು ಹಳದಿ ಚೀಟಿ ಬಂದಿತ್ತು. ಅದು ನಮಗಲ್ಲ ಎಂದು ಹೇಳಿ ನಾನು ಮಲಗಿದೆ.

ಬೆಳಿಗ್ಗೆ ಆರಕ್ಕೆ ಹಡಗು ಬಲ್ಲಾರ್ಡ್ ಪಿಯರಿನ ಕಟ್ಟೆಗೆ ತಾಗಿತು. ಇಲ್ಲಿಯೇ ಒಂದು ಕಾಲಕ್ಕೆ ರೇಲ್ವೆ ಸ್ಟೇಶನ್ ಇತ್ತೆಂಬುದೂ, ವಿಲಾಯತಿಯಿಂದ ಟಪಾಲು ಹಡಗಿನಲ್ಲಿ ಬಂದವರು ಇಳಿದ ಕೂಡಲೇ 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ಹತ್ತಿ ಪೇಶಾವರದ ಕಡೆಗೆ ಹೋಗುತ್ತಿದ್ದರೆಂಬುದೂ ನಮ್ಮ ಹಿರಿಯ ಕೆಲಸಗಾರರ ಬಾಯಿಂದ ಕೇಳಿ ಗೊತ್ತಿತ್ತು. ಹಳಿಗಳೇನಾದರೂ ಕಂಡಾವೇ ಎಂದು ಕಟಕಟೆಗೆ ಬಗ್ಗಿ ಹುಡುಕುತ್ತಿರುವಾಗಲೇ ಕೆಳಗೆ ಆಂಬುಲೆನ್ಸ್ ಬಂದು ನಿಂತಿತು. ರಾತ್ರಿ ಎದೆನೋವು ಬಂದಿದ್ದ ಹಿರಿಯರೊಬ್ಬರನ್ನು ಮೊದಲು ಇಳಿಸಬೇಕಾಗಿತ್ತು. ಆಗ ಇಳಿತದ ಹೊತ್ತು. ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಸುಮಾರಿಗೆ ಭರತಕ್ಕೂ ಇಳಿತಕ್ಕೂ ನಾಲ್ಕೈದು ಮೀಟರ್ ಅಂತರವಿರುವುದರಿಂದ ಹತ್ತಿಳಿಯುವ ಸೇತುವೆ, ಅಂದರೆ ಗ್ಯಾಂಗ್‌ವೇ, ಇರುವ ಬಾಗಿಲೂ ಅದರ ಇಳಿಜಾರೂ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತವೆ. ಸ್ಟ್ರೆಚರ್ ಹಿಡಿದ ನಾಲ್ವರು ಆ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿಯುವವರೆಗೆ ಮೇಲೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಹೀಗೆ ನಲವತ್ತು ನಿಮಿಷ ಹೋಯಿತು. ರೇಲ್ವೆಯಲ್ಲಿ ಒಮ್ಮೆ ತನ್ನ ಹೊತ್ತು ಕಳೆದುಕೊಂಡ ಗಾಡಿ ಮುಂದೆ ಸ್ಟೇಶನ್ನಿನಿಂದ ಸ್ಟೇಶನ್ನಿಗೆ ಇನ್ನಷ್ಟು ತಡವಾಗುತ್ತಲೇ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಗುವುದೆಂದು ನಾನು ಮನಸ್ಸಿನಲ್ಲಿಯೇ ಪಂಥ ಕಟ್ಟಿದೆ.

ಜನ ಇಳಿದಂತೆಲ್ಲ ಒಳಗೆ ಹಡಗಿನ ಮುಖವೇ ಬೇರೆಯಾಯಿತು. ಮೂರು ದಿನ ಮುಚ್ಚಿಯೇ ಇದ್ದ ನೂರಾರು ಬಾಗಿಲುಗಳು ಒಮ್ಮೆಲೇ ತೆರೆದುಕೊಂಡವು, ಓಣಿಯ ತುಂಬ ಹಾಸಿಗೆ ಬಟ್ಟೆಗಳ ರಾಶಿ ಬಿತ್ತು. ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಕಾರವಾರದ ಹುಡುಗ ಅಂದು ಕನ್ನಡವನ್ನಾಗಲಿ ನಗೆಯನ್ನಾಗಲಿ ಖರ್ಚು ಮಾಡಲಿಲ್ಲ. ಅವನ ಪಾಲಿಗೆ ಹದಿನೆಂಟು ಕೋಣೆ, ಮಧ್ಯಾಹ್ನ ಹನ್ನೆರಡೂವರೆಗೆ ಹೊಸಬರು. ಅವನು ಮೊದಲು ಎಲ್ಲ ಕೋಣೆಗಳ ಬಟ್ಟೆಯನ್ನು ಎಳೆದು ಹೊರಗೆ ಹಾಕಿ, ಆಮೇಲೆ ಎಲ್ಲ ಕೋಣೆಗಳ ಸ್ನಾನದ ಮನೆ ತೊಳೆದು, ಕೊನೆಯಲ್ಲಿ ಹಾಸುತ್ತಾ ಬಂದ. ಒಂದು ಕೋಣೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ದಡ್ಡತನವನ್ನು ನಮ್ಮಲ್ಲಿಯೂ ಹೊಸಬರು ಮಾತ್ರ ಮಾಡುತ್ತಿದ್ದರು. ನಾನು ಗೋಡೆಗೆ ಒರಗಿ ನೋಡುತ್ತಲೇ ನಿಂತೆ.

ಉಳಿಯುವವರೂ ಒಮ್ಮೆ ಹೊರಗೆ ಹೋಗಿ, ಒಳಗಿನ ಪ್ರಯಾಣಿಕರ ಲೆಕ್ಕ ಸೊನ್ನೆಗೆ ಬಂದ ಮೇಲೆಯೇ ಹೊಸಬರನ್ನು ಬಿಡುವುದು ಅವರ ನಿಯಮ. ಧ್ವನಿವರ್ಧಕದಲ್ಲಿ ಇನ್ನಿಬ್ಬರು ಇಳಿದಿಲ್ಲ, ಇನ್ನಿಬ್ಬರು ಇಳಿದಿಲ್ಲ ಎಂದು ಕೂಗುತ್ತಲೇ ಇದ್ದರು. ಯಾರಪ್ಪಾ ಈ ಬೇಜವಾಬ್ದಾರಿ ಜನ ಎಂದು ನಾನು ಬೈದುಕೊಳ್ಳುತ್ತಿರುವಾಗ ಆ ಹುಡುಗ ತಲೆ ಎತ್ತಿ, "ಅಂಕಲ್, ಅದು ನಿಮ್ಮದೇ ನಂಬರು" ಎಂದ.

ಹೊರಗಿನ ಹಾಲಿನಲ್ಲಿ ಹೊಸ ಕ್ಯಾಬಿನ್ನಿನ ಕಾರ್ಡು ಕೈಗೆ ಬಂತು. ಅಲ್ಲಿಯೇ ನಮ್ಮ ನೀಲಿ ಸೂಟ್‌ಕೇಸಿನ ಸುದ್ದಿಯೂ ತಿಳಿಯಿತು. ಅದನ್ನು ಹುಡುಗ ಹೊಸ ಕ್ಯಾಬಿನ್ನಿಗೆ ಸಾಗಿಸಿದ್ದಾನೆಂದು ನಾನು ಭಾವಿಸಿದ್ದೆ, ಆದರೆ ಅದು ಹಳದಿ ಚೀಟಿ ಕಟ್ಟಿಸಿಕೊಂಡು ರಾತ್ರಿಯೇ ಕೆಳಗಿಳಿದಿತ್ತು. ಹಳದಿ ಸಾಲಿನಲ್ಲಿ ಉಳಿದಿದ್ದುದು ಒಂದೇ ನೀಲಿ ಸೂಟ್‌ಕೇಸು, ಅದೂ ನಮ್ಮದಲ್ಲ. ನನ್ನ ಬಿ.ಪಿ. ಗುಳಿಗೆಗಳು ಅದರಲ್ಲಿಯೇ ಇದ್ದವು. ಗುಳಿಗೆಯನ್ನು ಕೈಚೀಲದಲ್ಲಿ ಇಟ್ಟುಕೋ ಎಂದು ನೀನು ಹೇಳಿದ್ದು ನೆನಪಿದೆ, ಮತ್ತೆ ಹೇಳಬೇಡ. ಬಂದರಿನ ಹೆಣ್ಣುಮಗಳೊಬ್ಬಳು ಉಳಿದ ಸೂಟ್‌ಕೇಸಿನ ಚೀಟಿಯಿಂದ ಆ ಕುಟುಂಬದ ಫೋನ್ ನಂಬರು ತೆಗೆದು ಮಾತಾಡಿದಾಗ, ಅವರು ಸಿ.ಎಸ್.ಎಂ.ಟಿ. ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುತ್ತಾ ನಮ್ಮ ಸೂಟ್‌ಕೇಸಿನ ಮೇಲೆಯೇ ಮೊಮ್ಮಗನನ್ನು ಕೂರಿಸಿಕೊಂಡಿದ್ದರಂತೆ. ಪುಣ್ಯಕ್ಕೆ ಸ್ಟೇಶನ್ ದೂರವಿಲ್ಲ. ಅರ್ಧ ತಾಸಿನಲ್ಲಿ ಟ್ಯಾಕ್ಸಿಯಲ್ಲಿ ತಂದು ಒಪ್ಪಿಸಿ, ತಾವೇ ಕ್ಷಮೆ ಕೇಳಿ ಓಡಿದರು. ನಾವು ಮತ್ತೆ ಹತ್ತುವಾಗ ಎಕ್ಸ್-ರೇ ಯಂತ್ರದವನು ಸೂಟ್‌ಕೇಸು ತೆಗೆಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಕಂದು ಪುಡಿ ಯಾವುದು ಎಂದು ಕೇಳಿದ. ಮನೆಯ ತಿನಿಸು ಹಡಗಿಗೆ ಸಲ್ಲದಂತೆ. ನಿಮ್ಮವ್ವ ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. ಅಗಸಿ ಹಿಂಡಿ. ಅವನು ಸೀನಿದ, ನಕ್ಕ, ಡಬ್ಬಿಯನ್ನು ಮಾತ್ರ ಇಟ್ಟುಕೊಂಡ.

ಮಧ್ಯಾಹ್ನ ಮೇಲಿನ ಡೆಕ್ಕಿನಿಂದ ನೋಡಿದೆ. ಕಟ್ಟೆಯ ಕಡೆಯಿಂದ ಉಳ್ಳಾಗಡ್ಡಿ, ಹಾಲು, ಹಣ್ಣುಗಳನ್ನು ಪೇರಿಸಿದ ಹಲಗೆಗಳು ಒಳಗೆ ಹೋಗುತ್ತಿದ್ದವು, ಇನ್ನೊಂದು ಬಾಗಿಲಿನಿಂದ ಕಸ ಹೊರಗೆ ಬರುತ್ತಿತ್ತು. ಸಮುದ್ರದ ಕಡೆ ಎಣ್ಣೆಯ ನಾವೆಯೊಂದು ಅಂಟಿಕೊಂಡು ಇಂಧನ ಕೊಡುತ್ತಿತ್ತು. ಆ ಕೆಲಸ ನಡೆಯುವಷ್ಟು ಹೊತ್ತೂ ಕೆಂಪು ಬಾವುಟ ಹಾರಬೇಕು. ಕೆಂಪು ಬಾವುಟ ಕಂಡರೆ ನಮ್ಮ ಕಾಲು ತಾನಾಗಿ ನಿಲ್ಲುತ್ತದೆ, ನಾನೂ ನಿಂತೆ.

ಹೊರಡುವ ಮುಂಚೆ, ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ತಾಲೀಮಿಗಾಗಿ, ಏಳು ಸಣ್ಣ, ಒಂದು ಉದ್ದ ಸೀಟಿ ಕೂಗಿ ಎಲ್ಲರನ್ನೂ ತಮ್ಮ ತಮ್ಮ ಕೂಡುವ ಜಾಗಕ್ಕೆ ಕರೆದರು. ಹೊಸಬರು ಗೊಣಗಿದರು. ನಾವು ಗೋವಾ ಯಾನದ ಮೊದಲ ದಿನವೇ ಮಾಡಿದ್ದರಿಂದ ಬರಬೇಕಿಲ್ಲ ಎಂದರೂ ನಾನು ಹೋಗಿ ನಿಂತೆ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಈ ತಾಲೀಮು ಇನ್ನೂ ಆಗಿರಲೇ ಇಲ್ಲ. ಆಗ ಹತ್ತಿದ 24 ತಾಸಿನೊಳಗೆ ಮಾಡಿದರೆ ಸಾಕಿತ್ತು. ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಬೇಕೆಂಬ ನಿಯಮ 2015ರ ಜನವರಿ 1ರಿಂದ ಬಂದಿತು. ಪಕ್ಕದಲ್ಲಿ ಗೊಣಗುತ್ತಿದ್ದ ತರುಣನಿಗೆ ಇದನ್ನು ಹೇಳಿದೆ. ಅವನು ಫೋನು ಕಿಸೆಗೆ ಹಾಕಿಕೊಂಡ.

ನಾಲ್ಕಕ್ಕೆ ಹೊರಡಬೇಕಾದ ಹಡಗು ನಾಲ್ಕು ಇಪ್ಪತ್ತಕ್ಕೆ ಹಗ್ಗ ಬಿಟ್ಟಿತು. ಬೆಳಿಗ್ಗೆ ಕಳೆದುಕೊಂಡ ನಲವತ್ತು ನಿಮಿಷಗಳಲ್ಲಿ ಅರ್ಧವನ್ನು ಆ ಹುಡುಗರು ಬೆವರು ಹರಿಸಿ ಮರಳಿ ಗಳಿಸಿದ್ದರು. ನಾನು ಪಂಥ ಸೋತೆ, ಸೋತದ್ದಕ್ಕೆ ಸಂತೋಷಪಟ್ಟೆ. ನಿವೃತ್ತನಾದ ಮೇಲೆ ಕೆಲಸದವರ ನಡುವೆ ನಿಂತಂತೆ ಅನಿಸಿದ್ದು ಅಂದೇ. ಲಕ್ಷದ್ವೀಪದ ನೀರು ಚೆನ್ನಾಗಿತ್ತು, ಫೋಟೋ ಕಳಿಸಿದ್ದೇನೆ.

ಇನ್ನು ಫೋನಿನಲ್ಲಿ ಹೇಳಲಾಗದ ಮಾತು. ಚೀಟಿ ಕಟ್ಟಿ ಸೂಟ್‌ಕೇಸನ್ನು ಹೊರಗಿಟ್ಟದ್ದು ನಿಮ್ಮವ್ವ ತಿಳಿಯದೆ ಮಾಡಿದ ತಪ್ಪೆಂದು ನಾನು ಅಲ್ಲಿ ಎಲ್ಲರಿಗೂ ಹೇಳಿದ್ದೆ. ಬರುವಾಗ ಗಾಡಿ ಮೀರಜ್ ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನನಗ ಮೂರು ದಿನಾನ ಸಾಕಾಗಿತ್ರೀ. ಬ್ಯಾಗು ಇಳದ್ರ ನಾವೂ ಇಳೀತೀವಿ ಅಂತ ಬೇಕಂತನ ಇಟ್ಟಿದ್ದೆ" ಎಂದಳು. ಮುಂದಿನ ಸಲ ಟಿಕೆಟ್ ತೆಗೆಸುವ ಮುಂಚೆ ನನ್ನೊಬ್ಬನನ್ನೇ ಕೇಳಬೇಡ, ಅವಳಿಗೂ ಒಂದು ಫೋನು ಮಾಡು. ನಾನು ಬರೆದೆನೆಂದು ಮಾತ್ರ ಹೇಳಬೇಡ.

ನಿನ್ನ ಅಪ್ಪ