ಗಾಲ್ಫ್ ಕೋರ್ಸ್ ಮಧ್ಯದ ಕೋಟೆ ಬಾಗಿಲು ತೆಗೆಸಿ: ನಯಾಗರಾ-ಆನ್-ದ-ಲೇಕ್ ಲಾರ್ಡ್ ಮೇಯರ್ ಅವರಿಗೊಂದು ಪತ್ರ

ಮಾನ್ಯ ಲಾರ್ಡ್ ಮೇಯರ್ ಅವರೇ, ನಮಸ್ಕಾರ.

ನಾನು ಕೆನಡಾದ ಮಿಸ್ಸಿಸಾಗಾ ನಗರದಲ್ಲಿರೋ ಕನ್ನಡಿಗ. ಇದೇ ಪತ್ರಾನ ಇಂಗ್ಲಿಷಲ್ಲಿ ನಿಮ್ಮ ಆಫೀಸಿಗೂ ಕಳಿಸಿದೀನಿ, ಕನ್ನಡದಲ್ಲಿ ಹಾಕ್ತಿರೋದು ನಮ್ಮವರೂ ಓದ್ಲಿ ಅಂತ, ಯಾಕಂದ್ರೆ ಊರಿಂದ ಅಪ್ಪ ಅಮ್ಮ ಬಂದ್ರೆ ನಾವು ನಯಾಗರಾ ಫಾಲ್ಸ್ ತೋರಿಸಿ, ಆಮೇಲೆ ನಿಮ್ಮೂರಿಗೆ ಬಂದು ಕ್ವೀನ್ ಸ್ಟ್ರೀಟಲ್ಲಿ ಐಸ್‌ಕ್ರೀಮ್ ತಿಂದು ಗಡಿಯಾರದ ಗೋಪುರದ ಮುಂದೆ ಫೋಟೋ ತೆಗೆಸ್ಕೊಂಡು ಹೊರಟುಬಿಡ್ತೀವಿ, ಆ ಗೋಪುರ ವಿಶ್ವಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು ಅಂತಾನೂ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಈ ಸಲ ಅಪ್ಪನ್ನ ನಿಮ್ಮೂರಲ್ಲೇ ಇರೋ ಫೋರ್ಟ್ ಮಿಸ್ಸಿಸಾಗಾ ಅನ್ನೋ ಹಳೇ ಕೋಟೆಗೆ ಕರ್ಕೊಂಡು ಹೋಗಿದ್ದೆ. ಗಾಲ್ಫ್ ಆಡೋರ ಮಧ್ಯದಲ್ಲೇ ದಾರಿ, ಬಾಲ್ ಬಂದು ಬಿದ್ದೀತು ಅಂತ ಆ ಕಡೆ ಈ ಕಡೆ ನೋಡ್ಕೊಂಡು ನಡೆದ್ವಿ. ನಕ್ಷತ್ರದ ಆಕಾರದಲ್ಲಿ ಮಣ್ಣಿನ ಏರಿ, ನಡುವೆ ಚೌಕದ ಇಟ್ಟಿಗೆ ಗೋಪುರ, ನದಿ ಆಚೆ ಅಮೆರಿಕದವರ ಫೋರ್ಟ್ ನಯಾಗರಾ. ಅಪ್ಪ ಶ್ರೀರಂಗಪಟ್ಟಣದ ಕಡೆಯವರು, ಕಂದಕ ಬತೇರಿ ಅಂತ ಓಡಾಡ್ಕೊಂಡೇ ಬೆಳೆದೋರು. ಗೋಡೆ ಮೇಲೆ ಕೈ ಆಡಿಸಿ "ಇದು ಒಂದೇ ಗೂಡಿನ ಇಟ್ಟಿಗೆ ಅಲ್ಲ ಕಣೋ" ಅಂದ್ರು.

ಅವರು ಹೇಳಿದ್ದು ನಿಜ. 1812ರಲ್ಲಿ ಅಮೆರಿಕಕ್ಕೂ ಬ್ರಿಟಿಷರಿಗೂ ಶುರುವಾದ ಯುದ್ಧದಲ್ಲಿ, 1813 ಡಿಸೆಂಬರ್ 10ರಂದು, ಅಮೆರಿಕದ ಸೈನ್ಯ ವಾಪಸ್ ಹೋಗೋ ಮುಂಚೆ ನಿಮ್ಮೂರಿಗೆ ಬೆಂಕಿ ಇಟ್ಟಿತು, ಆ ಚಳೀಲಿ ಹೆಂಗಸರು ಮಕ್ಕಳೆಲ್ಲ ಬೀದಿಪಾಲಾದ್ರು, ಮುಂದಿನ ವರ್ಷ ಬ್ರಿಟಿಷರು ಈ ಕೋಟೆ ಕಟ್ಟೋಕೆ ಶುರು ಮಾಡಿದಾಗ ಆ ಸುಟ್ಟ ಮನೆಗಳ ಇಟ್ಟಿಗೇನೇ ಆರಿಸಿ ತಂದು ಹಾಕಿದ್ರು.

ಕಟ್ಟೋಕೆ ಮೈ ಬಗ್ಗಿಸಿ ದುಡಿದವರಲ್ಲಿ ಕಪ್ಪು ಜನರ ಪಡೆಯೂ ಇತ್ತು. ಅಂಥದ್ದೊಂದು ಪಡೆ ಬೇಕು ಅಂತ 1812ರಲ್ಲಿ ಅರ್ಜಿ ಹಾಕಿದ್ದು ರಿಚರ್ಡ್ ಪಿಯರ್‌ಪಾಯಿಂಟ್, ಈಗಿನ ಸೆನೆಗಲ್ ಕಡೆ ಹುಟ್ಟಿ, ಹುಡುಗನಾಗಿದ್ದಾಗಲೇ ಗುಲಾಮರಾಗಿ ಮಾರಾಟ ಆದವರು, ಅರ್ಜಿ ಹಾಕೋ ಹೊತ್ತಿಗೆ ವಯಸ್ಸು ಅರವತ್ತು ದಾಟಿತ್ತು. ಆ ಪಡೆ ಅದೇ ವರ್ಷ ಅಕ್ಟೋಬರ್ 13ರಂದು ಕ್ವೀನ್ಸ್‌ಟನ್ ಹೈಟ್ಸ್ ಗುಡ್ಡದಲ್ಲಿ ಬ್ರಿಟಿಷರ ಪರ ಕಾದಾಡ್ತು. 1821ರಲ್ಲಿ ಪಿಯರ್‌ಪಾಯಿಂಟ್ ಇನ್ನೊಂದು ಅರ್ಜಿ ಹಾಕಿದ್ರು, ನನ್ನನ್ನ ನಮ್ಮೂರಿಗೆ ಕಳಿಸಿಕೊಡಿ ಅಂತ. ಜಮೀನು ಕೊಟ್ರು, ಊರಿಗೆ ಹೋಗೋದು ಕೊನೆಗೂ ಆಗ್ಲೇ ಇಲ್ಲ. ಊರು ಬಿಟ್ಟು ಬಂದಿರೋ ನಮ್ಮಂಥೋರಿಗೆ ಇದನ್ನ ಓದಿದ್ರೆ ಗಂಟಲು ಕಟ್ಟುತ್ತೆ ಸರ್.

ಇನ್ನೊಂದು ವಿಷಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ತಗೊಂಡು ಹೋದ ಮೈಸೂರು ರಾಕೆಟ್ಟುಗಳನ್ನ ನೋಡ್ಕೊಂಡು ವಿಲಿಯಂ ಕಾಂಗ್ರೀವ್ ಅನ್ನೋ ಇಂಗ್ಲಿಷ್‌ನವರು ಮಾಡಿದ ರಾಕೆಟ್ಟನ್ನೇ ಇದೇ ಯುದ್ಧದಲ್ಲಿ, 1814 ಜುಲೈ 25ರ ಲಂಡೀಸ್ ಲೇನ್ ಕಾಳಗಕ್ಕೆ, ಬ್ರಿಟಿಷ್ ಸೈನ್ಯ ತಂದಿತ್ತು, ಆ ಜಾಗ ನಿಮ್ಮೂರಿಂದ ಅರ್ಧ ಗಂಟೆ ದಾರಿ ಅಷ್ಟೇ.

ಕೋಟೆ ಕೇಂದ್ರ ಸರ್ಕಾರದ ಪಾರ್ಕ್ಸ್ ಕೆನಡಾ ಸಂಸ್ಥೆ ಕೈಲಿದೆ, ಟೌನ್ ಹಾಲ್ ಕೈಲಿಲ್ಲ, ಗೊತ್ತು. ಆದ್ರೆ ಊರಿನ ಮೇಯರ್ ಕೂತು ಮಾತಾಡಿದ್ರೆ ಅದರ ತೂಕಾನೇ ಬೇರೆ. ನಾವು ಹೋದಾಗ ಗೋಪುರಕ್ಕೆ ಬೀಗ ಹಾಕಿತ್ತು. ಬೇಸಿಗೇಲಿ ನಾಲ್ಕು ಭಾನುವಾರನಾದ್ರೂ ಆ ಬಾಗಿಲು ತೆಗೆಸಿ, ಒಬ್ಬ ಗೈಡ್‌ನ ನಿಲ್ಲಿಸಿ, ಯಾರ ಮನೆ ಇಟ್ಟಿಗೆ, ಯಾರು ಹೊತ್ತಿದ್ದು ಅಂತ ಬಂದೋರಿಗೆ ಹೇಳಿಸಿ. ಪಿಯರ್‌ಪಾಯಿಂಟ್ ಹೆಸರು ಕ್ವೀನ್ ಸ್ಟ್ರೀಟಲ್ಲಿ ನಡೆಯೋರ ಕಣ್ಣಿಗೆ ಬೀಳೋ ಹಾಗೆ ಒಂದು ಬೋರ್ಡ್ ಹಾಕಿಸಿ.

ಅಪ್ಪ ಅಕ್ಟೋಬರ್‌ವರೆಗೂ ಇಲ್ಲೇ ಇರ್ತಾರೆ. ಒಳಗಡೆ ಹೇಗಿದೆಯೋ ಅಂತ ಮೂರು ಸಲ ಕೇಳಿದ್ರು.

ಇಂತಿ,
ಮಿಸ್ಸಿಸಾಗಾದ ಒಬ್ಬ ಕನ್ನಡಿಗ