ರಾತ್ರಿ ಒಂದೂವರೆ ಗಂಟೆಯ ವಿಷಯ

ಪ್ರೀತಿಯ ಮಗು,

ಮಂಡ್ಯದಿಂದ ನೀನು ಕಳಿಸಿದ ಪ್ರಬಂಧ ಕೈಸೇರಿತು. ದೊಡ್ಡಮ್ಮನ ಟ್ರಂಕಿನಲ್ಲಿ ಸಿಕ್ಕ ಎಪ್ಪತ್ತರ ದಶಕದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಇಂಗ್ಲಿಷ್ ಪ್ರೇಮಕಾದಂಬರಿಯನ್ನು ಚೆನ್ನಾಗಿಯೇ ಜಾಡಿಸಿದ್ದೀಯ. ಕೊನೆಗೆ ‘ಇಂಥ ಪುಸ್ತಕದ ಬಗ್ಗೆ ಬರೆದು ಏನು ಬಂತು, ಬರೆಯೋದೇ ಬಿಟ್ಟುಬಿಡ್ಲಾ’ ಅಂತಲೂ ಕೇಳಿದ್ದೀಯ. ಬಿಡಬೇಡ. ಕಾಗುಣಿತ, ಯಾವ ಪತ್ರಿಕೆಗೆ ಕಳಿಸಬೇಕು, ಅವನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ.

ಹತ್ತೊಂಬತ್ತರ ಹುಡುಗಿ, ಮೂವತ್ತೈದು ದಾಟಿದ ಸಾಹುಕಾರ, ಮುಂಗೈ ಹಿಡಿದು ಎಳೆಯೋದು, ಬೇಡ ಅಂದರೂ ಮುತ್ತು. ಹೌದು, ಅದು ದೌರ್ಜನ್ಯವೇ. ಆದರೆ ನಾಲ್ಕನೇ ಪುಟದಲ್ಲಿ ‘ರಾತ್ರಿ ಒಂದೂವರೆಗೆ ಓದಿ ಮುಗಿಸಿದೆ’ ಅಂತ ಒಂದು ಮಾತು ಹಾಕಿ ಮುಂದಕ್ಕೆ ಓಡಿದ್ದೀಯ. ಬೈಯೋದಕ್ಕೆ ಅಂತ ಯಾರೂ ಅಷ್ಟು ಹೊತ್ತು ನಿದ್ದೆಗೆಡೋಲ್ಲ ಕಣಮ್ಮ. ಎಲ್ಲಿ ನಿನ್ನ ಎದೆ ಹೊಡೆದುಕೊಂಡಿತು? ಅದನ್ನು ಬಚ್ಚಿಟ್ಟು ಬರೆದಿದ್ದಕ್ಕೇ ಪ್ರಬಂಧ ಸಪ್ಪೆಯಾಗಿದೆ.

ಆ ಪುಸ್ತಕಗಳ ಕೀಲು ಎಲ್ಲಿದೆ ನೋಡು. ಆಗಿನವುಗಳಲ್ಲಿ ಸಾಮಾನ್ಯವಾಗಿ ಕಥೆಯೆಲ್ಲ ಅವಳ ಮನಸ್ಸಿನೊಳಗಿಂದಲೇ ನಡೆಯುತ್ತದೆ, ಅವನ ಮನಸ್ಸಿಗೆ ನಮ್ಮನ್ನು ಬಿಡೋದಿಲ್ಲ. ಅವನ ಸಿಡುಕು, ಮೌನ, ಒರಟುತನ ಎಲ್ಲವೂ ಒಗಟು. ಕಡೆಯ ಎರಡು ಮೂರು ಪುಟ ಬಂದಾಗ, ಮೊದಲ ದಿನದಿಂದಲೇ ನಿನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದೆ ಅಂದುಬಿಡುತ್ತಾನೆ. ಅಷ್ಟೂ ಕೆಟ್ಟ ನಡತೆಗೆ ಹಿಂದಿನಿಂದ ಒಳ್ಳೆಯ ಅರ್ಥ ಹುಟ್ಟಿಕೊಳ್ಳುತ್ತದೆ. ಮೋಸವೂ ಅಲ್ಲೇ, ರುಚಿಯೂ ಅಲ್ಲೇ. ಅದನ್ನು ಬಿಚ್ಚಿ ತೋರಿಸೋದು ಬಿಟ್ಟು ಅವನ ಮೀಸೆಯನ್ನು ಆಡಿಕೊಂಡು ಅರ್ಧ ಪುಟ ತುಂಬಿಸಿದ್ದೀಯ.

‘ಆಗಿನ ಹೆಂಗಸರು ಇದನ್ನೆಲ್ಲ ಕಣ್ಣುಮುಚ್ಚಿ ನುಂಗಿದರು’ ಅಂತ ನಿನಗೆ ಹೇಳಿದ್ದು ಯಾರು? ಇಲ್ಲಿ ಮೈಸೂರಿನ ಬಾಡಿಗೆ ಲೈಬ್ರರಿಯೊಂದು ಬಾಗಿಲು ಹಾಕಿದಾಗ ತಂದ ಅದೇ ಕಾದಂಬರಿಯ ಪ್ರತಿ ನನ್ನ ಹತ್ತಿರ ಇದೆ. ದಪ್ಪ ರಟ್ಟಿನ ಬೈಂಡು, ಪುಟದ ಅಂಚಿಗೆಲ್ಲ ಕೊಬ್ಬರಿ ಎಣ್ಣೆ. ಆ ಬಲವಂತದ ಮುತ್ತಿನ ಪಕ್ಕ ಯಾರೋ ಪುಣ್ಯಾತ್ಗಿತ್ತಿ ಪೆನ್ಸಿಲ್ಲಿನಲ್ಲಿ ‘ಕಪಾಳಕ್ಕೆ ಹೊಡೀಬೇಕಿತ್ತು’ ಅಂತ ಬರೆದಿದ್ದಾಳೆ. ಅದರ ಕೆಳಗೆ ಇನ್ನೊಂದು ಕೈ: ‘ತಾಳೇ, ಮದುವೆ ಆಗ್ತಾನೆ.’ ಈ ಜಗಳ ನಿನ್ನಿಂದ ಶುರುವಾದದ್ದಲ್ಲ.

1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಮಿಲ್ಸ್ ಅಂಡ್ ಬೂನ್ ಪ್ರಕಾಶನ ಮೊದಮೊದಲು ಎಲ್ಲ ಥರದ ಪುಸ್ತಕವನ್ನೂ ಹಾಕುತ್ತಿತ್ತು. 1930ರ ದಶಕದಲ್ಲಿ ಪ್ರೇಮಕಥೆಗೆ ನಿಂತು ಬೆಳೆದದ್ದು ಅಲ್ಲಿನ ಬಾಡಿಗೆ ಲೈಬ್ರರಿಗಳಿಂದಲೇ. ಓದುವವರು ಕಾಸು ಎಣಿಸಿ ತೆಗೆದುಕೊಂಡು ಹೋಗುತ್ತಿದ್ದವರು, ದಡ್ಡರಲ್ಲ.

ನಮ್ಮಲ್ಲೊಬ್ಬರು ವಿಮರ್ಶಕರಿದ್ದರು. ನಾನು ಬರೆದದ್ದನ್ನೂ ಸೇರಿಸಿ ಇಂಥ ಕಾದಂಬರಿಗಳೆಲ್ಲವನ್ನೂ ‘ಅಡುಗೆಮನೆ ಸಾಹಿತ್ಯ’ ಅಂತ ಸಭೆಯಲ್ಲಿ ನಗಿಸಿದರು. ಹೆಂಡತಿಯ ಹೆಸರಿನಲ್ಲಿ ವಾರವಾರ ಅವೇ ಕಾದಂಬರಿ ತರಿಸಿಕೊಳ್ಳುತ್ತಿದ್ದರು ಅಂತ ಲೈಬ್ರರಿಯವನೇ ಆಮೇಲೆ ಹೇಳಿದ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬೈದದ್ದಕ್ಕಲ್ಲ, ಕದ್ದು ಓದಿ ಬೈದದ್ದಕ್ಕೆ. ನಿನ್ನ ಪ್ರಬಂಧ ಓದುವಾಗ ಎರಡು ಕಡೆ ಅವರ ದನಿ ಕೇಳಿಸಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದೂವರೆ ಗಂಟೆಯವರೆಗೆ ಏನಾಯಿತು ಅನ್ನೋದರಿಂದಲೇ ಶುರುಮಾಡಿ ಇನ್ನೊಮ್ಮೆ ಬರಿ. ಬೈಗುಳ ಒಂದೂ ತೆಗೀಬೇಡ, ಮೀಸೆಯದ್ದು ಮಾತ್ರ ತೆಗಿ. ದೊಡ್ಡಮ್ಮನನ್ನೂ ಕೇಳು, ಟ್ರಂಕಿನಲ್ಲಿ ಯಾಕೆ ಇಟ್ಟುಕೊಂಡಿದ್ದರು ಅಂತ. ಕಾಗದದ ಮೇಲೆ ಬರೆದು ಅಂಚೆಗೆ ಹಾಕು, ಮೊಬೈಲಿನಲ್ಲಿ ಓದೋಕೆ ನನಗೆ ಆಗಲ್ಲ.

ನಿನ್ನ
ಅಮ್ಮನಂಥವಳು