ಸೂಚನಾ ಫಲಕಕ್ಕೆ ಹಾಳೆ ಅಂಟಿಸಿದವರಿಗೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಶಾಲೆಯ ಪಾಲಕರ ಸಭೆಗೆ ಮೊದಲೇ ಮಕ್ಕಳ ನಿದ್ದೆಯ ಬಗ್ಗೆ ಕೈಬರಹದ ಹಾಳೆಯೊಂದನ್ನು ಅಂಟಿಸಿ, ಹೆಸರು ಹಾಕದೆ ಹೋದವರೇ, ನಿಮಗೆ ನಮ್ಮೆಲ್ಲರ ಧನ್ಯವಾದ.

4ನೇ ತರಗತಿವರೆಗಿನ ಶಾಲೆ ಬೆಳಿಗ್ಗೆ 9 ಗಂಟೆಗಿಂತ ಮೊದಲು ಬೇಡವೆಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಹೇಳಿತು, ಸರಿ. ನಮ್ಮಲ್ಲಿ 5ನೇ ತರಗತಿಯವರಿಗೆ ಮಾತ್ರ ಅದೇ ಬೆಳಗಿನ ಪಾಳಿ. ಆ ಮಕ್ಕಳಿಗಾಗಿ ನೀವು ಏಳುವ ಹೊತ್ತಿನಿಂದ ಹಿಂದಕ್ಕೆ ಹಾಕಿದ ಲೆಕ್ಕ ಚೆನ್ನಾಗಿತ್ತು: 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ನಿದ್ದೆ ಬೇಕು, ಬೆಳಿಗ್ಗೆ 5:45ಕ್ಕೆ ಏಳಬೇಕಾದರೆ ರಾತ್ರಿ 8:45ಕ್ಕೆ ಕಣ್ಣು ಮುಚ್ಚಿರಬೇಕು, ನಿದ್ದೆ ಹತ್ತಲು 20 ನಿಮಿಷ, ಅಂದರೆ 8:25ಕ್ಕೆ ದೀಪ ಆರಬೇಕು. ಅದೂ ಕನಿಷ್ಠ ಲೆಕ್ಕ!

ಹತ್ತೂವರೆಗೆ ಮಲಗುವ ಮಗುವನ್ನು ಒಂದೇ ದಿನ ಎಂಟೂವರೆಗೆ ಮಲಗಿಸಿದರೆ ಸುಮ್ಮನೆ ಹೊರಳಾಡುತ್ತದೆ, ಏಕೆಂದರೆ ದೇಹದ ಗಡಿಯಾರ ಅಷ್ಟು ಬೇಗ ತಿರುಗದು. ಮಲಗುವ ಹೊತ್ತನ್ನು ಎರಡು-ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದೆ ತನ್ನಿ, ಏಳುವ ಹೊತ್ತು ಬದಲಿಸಬೇಡಿ ಎಂದಿರಿ. ಭಾನುವಾರ ಹತ್ತರವರೆಗೆ ಮಲಗಿಸಿದರೆ ವಾರದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಒಂದೇ ಕೋಣೆಯ ಮನೆ, ಲೋಕಲ್ ರೈಲು ಹಿಡಿದು ಅಪ್ಪ ಬರುವುದೇ ರಾತ್ರಿ ಒಂಬತ್ತಕ್ಕೆ. ಅದನ್ನೂ ಮರೆಯದೆ ಬರೆದಿದ್ದಿರಿ: ಟ್ಯೂಬ್‌ಲೈಟ್ ಬದಲು ಮಂದ ಹಳದಿ ಬಲ್ಬು, ಮಲಗುವ ಒಂದು ತಾಸು ಮೊದಲೇ ಮೊಬೈಲ್ ಬಂದ್, ಸಂಜೆ ಚಹಾ ಬೇಡ. ಅಪ್ಪನ ಜೊತೆ ಆಟ ಬೆಳಿಗ್ಗೆಗೆ. ಕೊನೆಯದು ಒಪ್ಪುವುದು ಕಷ್ಟ.

ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಹಾಳೆಯ ಜೆರಾಕ್ಸ್ ಈಗ ಎಲ್ಲ ತರಗತಿಗಳ ಡೈರಿಯಲ್ಲಿದೆ.